ಮಾತಿನ ಶುಲ್ಕ

ಕನ್ನಡಕದವನು ಈ ಹೊತ್ತೂ ಬಂದು ಕೂತಿದ್ದ.

ಕ್ಲಿನಿಕ್ಕಿನ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲಿದ್ದ. ಒಳಗೆ ಬಂದವನು ಮೂಲೆಯ ಕುರ್ಚಿ ಹಿಡಿದು, ಬರುವ ತಾಯಂದಿರನ್ನೂ ಅಳುವ ಮಕ್ಕಳನ್ನೂ ಕಣ್ಣಲ್ಲೇ ತೂಗಿದ. ಲಸಿಕೆಯ ಫ್ರಿಜ್ಜು ತೆಗೆಸಿ ನೋಡಿದ. ಆಮೇಲೆ ಹಳೇ ಬಿಲ್ಲುಗಳನ್ನು ಕೇಳಿದ.

"ವಿಮೆ ಕಂಪನಿಯವನೇ ಇರ್ಬೇಕು," ಎಂದು ನರ್ಸಮ್ಮ ಪಿಸುಗುಟ್ಟಿದಳು. "ಯಾರೋ ಚಾಡಿ ಹೇಳಿದ್ದಾರೆ."

ಬಿಲ್ಲಕ್ಕ ಎದುರಿಗಿದ್ದ ಬಿಲ್ಲಿನ ಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡಳು. ಆ ಮಕ್ಕಳ ಕ್ಲಿನಿಕ್ಕಿನಲ್ಲಿ ಬಿಲ್ಲು ಮಾಡುವವಳು ಅವಳೊಬ್ಬಳೇ. ಅದಕ್ಕೇ ಡಾಕ್ಟರಿಂದ ಹಿಡಿದು ಕೂಸುಗಳನ್ನು ಎತ್ತಿಕೊಂಡು ಬರುವ ಅಜ್ಜಿಯರವರೆಗೆ ಎಲ್ಲರಿಗೂ ಅವಳು ಬಿಲ್ಲಕ್ಕ.

ಬೆಳಿಗ್ಗೆ ಡಾಕ್ಟರು ಅವಳನ್ನು ಒಳಗೆ ಕರೆದಿದ್ದರು. ಫ್ಯಾನಿನ ಕೆಳಗೂ ಅವರ ಹಣೆ ಬೆವರಿತ್ತು.

"ಅವ್ರು ಕೇಳಿದ್ದನ್ನ ತೋರಿಸಿ. ಆದ್ರೆ ಮಾತು ಜಾಸ್ತಿ ಬೇಡ. ಗೊತ್ತಾಯ್ತಲ್ಲ?"

"ಯಾರು ಸರ್ ಅವ್ರು?"

"ಎಲ್ಲಾ ಸರಿಹೋದ್ರೆ ಆಮೇಲೆ ಹೇಳ್ತೀನಿ."

ಮಾತು ಯಾಕೆ ಬೇಡವೆಂದು ಅವಳಿಗೆ ಗೊತ್ತಾಗದೆ ಏನು? ಆ ಕ್ಲಿನಿಕ್ಕಿನ ಗುಟ್ಟು ಇದ್ದದ್ದೇ ಮಾತಿನಲ್ಲಿ.

ಲಸಿಕೆ ಹಾಕಿದರೆ ವಿಮೆ ಕಂಪನಿ ಮದ್ದಿನ ಬೆಲೆ ಕೊಡುತ್ತದೆ. ಚುಚ್ಚಿದ್ದಕ್ಕೆ ಬೇರೆ ಕೊಡುತ್ತದೆ. ಅದರ ಮೇಲೆ, ಡಾಕ್ಟರು ತಾಯಿಯನ್ನು ಕೂರಿಸಿಕೊಂಡು ಆ ಸೂಜಿ ಯಾವ ಯಾವ ರೋಗ ತಡೆಯುತ್ತದೆಂದು ತಿಳಿಹೇಳಿದರೆ ಒಂದೊಂದು ರೋಗಕ್ಕೂ ಒಂದೊಂದು ಸಲಹೆ ಶುಲ್ಕ. ಸೂಜಿ ಒಂದೇ, ರೋಗ ಐದು. ಡಾಕ್ಟರು ಬಾಯಿ ಬಿಡುತ್ತಿರಲಿಲ್ಲ. ನರ್ಸಮ್ಮ ಚುಚ್ಚಿ, ಹತ್ತಿ ಒತ್ತಿ ಕಳಿಸುತ್ತಿದ್ದಳು. ಬಿಲ್ಲಿನಲ್ಲಿ ಮಾತ್ರ ಐದು ಸಾಲು ಮಾತು. ಹಾಗೆ ಬರೆಯಿರಿ ಎಂದವರು ಡಾಕ್ಟರು, ಬರೆದ ಕೈ ಬಿಲ್ಲಕ್ಕನದು. ಮನೆಯಲ್ಲಿ ಗಂಡ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದ. ಕೆಲಸ ಬಿಡುವ ಹಾಗಿರಲಿಲ್ಲ.

ಕಂಪನಿಯ ದುಡ್ಡು ತಾನೆ, ಯಾರಪ್ಪನ ಗಂಟೇನು ಹೋಯಿತು ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು. ಅವಳ ಓಣಿಯ ದರ್ಜಿ ಹೆಂಗಸು ಕೂಸಿಗೆ ಮೊದಲ ಸೂಜಿ ಹಾಕಿಸುವವರೆಗೆ. ಅವಳದು ಅಗ್ಗದ ವಿಮೆ. ಕಂಪನಿ ಒಂದು ಸಾಲಿಗಷ್ಟೇ ಕೊಟ್ಟಿತು. ಉಳಿದದ್ದು ಅವಳ ತಲೆಗೆ ಬಂತು.

"ಅಕ್ಕಾ, ಡಾಕ್ಟರು ನನ್ ಜೊತೆ ಒಂದ್ ಮಾತೂ ಆಡ್ಲಿಲ್ಲ. ಇದೇನಿದು ಸಲಹೆ ಶುಲ್ಕ?"

"ಕಂಪ್ಯೂಟರ್‌ನಲ್ಲಿ ಹಾಗೇ ಬರುತ್ತಮ್ಮ," ಎಂದಿದ್ದಳು ಬಿಲ್ಲಕ್ಕ, ತಲೆಯೆತ್ತದೆ.

ದರ್ಜಿ ಹೆಂಗಸು ಹೇಗೋ ಕಟ್ಟಿದಳು. ಎರಡನೇ ಸೂಜಿಗೆ ಮಾತ್ರ ಆ ಕಡೆ ತಲೆ ಹಾಕಲಿಲ್ಲ. ಈಗ ಕೂಸು ದೊಡ್ಡಾಸ್ಪತ್ರೆಯಲ್ಲಿತ್ತು. ನಾಯಿಕೆಮ್ಮು. ಹಿಂದಿನ ಸಂಜೆ ಬಿಲ್ಲಕ್ಕ ನೋಡಲು ಹೋಗಿದ್ದಳು. ಕೆಮ್ಮು ಶುರುವಾದರೆ ನಿಲ್ಲುತ್ತಿರಲಿಲ್ಲ. ಉಸಿರೆಳೆಯಲಾಗದೆ ಪುಟ್ಟ ತುಟಿ ನೀಲಿಗಟ್ಟುತ್ತಿತ್ತು. ತಾಯಿ ಬೈದಿದ್ದರೆ ವಾಸಿ ಇತ್ತು. ಬೈಯಲಿಲ್ಲ.

"ನಾನೇ ಬುದ್ಧಿಗೇಡಿ ಅಕ್ಕ. ಸಾಲ ಮಾಡಿಯಾದ್ರೂ ಹಾಕಿಸ್ಬೇಕಿತ್ತು."

ಮಧ್ಯಾಹ್ನ ಡಾಕ್ಟರು ಊಟಕ್ಕೆದ್ದ ಮೇಲೆ ಕನ್ನಡಕದವನು ಬಿಲ್ಲಿನ ಕಿಟಕಿಯ ಹತ್ತಿರ ಬಂದ.

"ಪಕ್ಕದ ಬೀದಿ ಕ್ಲಿನಿಕ್ಕಿಗೂ ಇಷ್ಟೇ ಮಕ್ಕಳು ಬರ್ತಾರೆ. ವರಮಾನ ಮಾತ್ರ ಇಲ್ಲಿ ಎಷ್ಟೋ ಜಾಸ್ತಿ. ಹೇಗೆ? ಡಾಕ್ಟರನ್ನ ಕೇಳಿದ್ರೆ ನಗ್ತಾರೆ." ಅವನು ಚೀಲ ಹೆಗಲಿಗೇರಿಸಿದ. "ಕಾರಣ ಗೊತ್ತಾಗದಿದ್ರೆ ನಾನು ಹೀಗೇ ವಾಪಸ್ ಹೋಗ್ಬೇಕಾಗುತ್ತೆ."

ಹೋಗಿಬಿಟ್ಟರೆ? ಮತ್ತೆ ಯಾರೂ ಬರಲಾರರು. ಬಿಲ್ಲಕ್ಕ ಎದ್ದು ಬಾಗಿಲು ಹಾಕಿದಳು.

ಹೇಳಿದಳು. ಐದು ಸಾಲಿನ ಕತೆ, ಆಡದ ಮಾತು, ಯಾವ ಸೂಜಿಗೆ ಎಷ್ಟು ಸಾಲು ಎಂಬುದು, ಕೊನೆಗೆ ಕೂಸಿನ ನೀಲಿ ತುಟಿಯನ್ನೂ. ಅವನು ಒಂದು ಸಲವೂ ತಡೆಯಲಿಲ್ಲ.

"ಕಂಪನಿಯಿಂದ ಯಾವತ್ತೂ ಒಂದು ಪ್ರಶ್ನೆ ಬರಲಿಲ್ವಾ?"

"ಇಲ್ಲ."

"ಆ ಮಗು ವಿಷಯ ಬೇರೆ ಯಾರಿಗಾದ್ರೂ ಹೇಳಿದೀರಾ?"

"ಇಲ್ಲ ಸರ್."

"ಹೇಳ್ಬೇಡಿ. ಅದನ್ನ ನಾನು ನೋಡ್ಕೊತೀನಿ." ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಇಷ್ಟು ಬಿಡಿಸಿ ಹೇಳೋರು ಸಿಗಲ್ಲ ಅಕ್ಕ. ದೊಡ್ಡ ಉಪಕಾರವಾಯ್ತು."

ಮನೆಗೆ ಹೋಗಿ ಗಂಡನಿಗೆ ಹೇಳಿದಾಗ ಅವನು ಗೋಡೆಯ ಕಡೆ ಮುಖ ತಿರುಗಿಸಿದ. "ನಮ್ಮ ಅನ್ನಕ್ಕೆ ನೀನೇ ಮಣ್ಣು ಹಾಕ್ದೆ."

ಅವಳಿಗೆ ಸಿಟ್ಟು ಬರಲಿಲ್ಲ. ಎಷ್ಟೋ ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತಾಗಿತ್ತು. ಆಸ್ಪತ್ರೆಗೆ ಹೋಗಿ ದರ್ಜಿ ಹೆಂಗಸಿನ ಕೈ ಹಿಡಿದುಕೊಂಡಳು. "ಇನ್ಮೇಲೆ ಯಾರಿಗೂ ಹೀಗಾಗಲ್ಲ ಕಣೇ."

ತಾಯಿ ಕೂಸಿನ ಮೇಲಿನ ಕಣ್ಣು ಕೀಳಲಿಲ್ಲ. "ಇವಳಿಗಾಗಿದ್ದು ಆಯ್ತಲ್ಲ ಅಕ್ಕ."

ಕೆಲವು ದಿನ ಏನೂ ಆಗಲಿಲ್ಲ. ಆಮೇಲೊಂದು ಬೆಳಿಗ್ಗೆ ಬಿಲ್ಲಕ್ಕ ಬೀದಿಯ ತಿರುವಿಗೆ ಬಂದಾಗ, ಇಬ್ಬರು ಏಣಿ ಹತ್ತಿ ಡಾಕ್ಟರ ಬೋರ್ಡು ಇಳಿಸುತ್ತಿದ್ದರು. ಅವಳು ಅಲ್ಲೇ ನಿಂತಳು. ಮುಚ್ಚಿಸಿಬಿಟ್ಟರು. ಕೆಲಸ ಹೋಯಿತು, ಹೋಗಲಿ. ಪೊಲೀಸರು ತನ್ನನ್ನೂ ಕರೆದರೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಎಂದು ಗಟ್ಟಿ ಮನಸ್ಸು ಮಾಡಿ ಒಳಗೆ ಕಾಲಿಟ್ಟಳು.

ಡಾಕ್ಟರ ಕುರ್ಚಿಯಲ್ಲಿ ಕನ್ನಡಕದವನು ಕೂತಿದ್ದ. ಎದುರಿಗೆ ನಿಂತ ಡಾಕ್ಟರು ಅವನ ಕೈ ಕುಲುಕುತ್ತ, ಬಿಲ್ಲಕ್ಕ ಹಿಂದೆಂದೂ ಕಾಣದಷ್ಟು ಅಗಲವಾಗಿ ನಗುತ್ತಿದ್ದರು.

"ಬನ್ನಿ ಅಕ್ಕ, ಕೂತ್ಕೊಳ್ಳಿ," ಎಂದ ಅವನು. "ನಮ್ಮ ಬೇರೆ ಕ್ಲಿನಿಕ್ಕಿನ ಬಿಲ್ಲಿನವರಿಗೆಲ್ಲ ಇನ್ಮೇಲೆ ನೀವೇ ಕಲಿಸ್ಬೇಕು. ಈ ಕ್ಲಿನಿಕ್ಕನ್ನ ಕೊಳ್ಳೋದು ಬೇಡ ಅಂತ ತೀರ್ಮಾನ ಮಾಡಿಬಿಟ್ಟಿದ್ವಿ. ನೀವು ಅವತ್ತು ಹೇಳಿದ ಮೇಲೇ ಕೊಂಡ್ಕೊಂಡಿದ್ದು."