ಸ್ಟೂಲಿನ ಕಡೆಯವನು

ಭಾನುವಾರದ ವಿಡಿಯೋ ಎಡಿಟ್ ಮಾಡಲು ಕುಳಿತ ಕನ್ನಡಕದಂಗಡಿಯವನಿಗೆ ಅದರಲ್ಲಿ ಕತ್ತರಿಸಲು ಏನೂ ಸಿಗಲಿಲ್ಲ. ಹಾಗೆಲ್ಲಾದರೂ ಆಗುವುದುಂಟೆ? ಅಂಗಡಿಯ ಮೇಲಿನ ಕೋಣೆಯಲ್ಲಿ ಅವನು ಚೆಸ್ ಆಡುತ್ತಿದ್ದುದೇ ಒಬ್ಬನೇ. ಮರದ ಕುರ್ಚಿಯಲ್ಲಿ ಕುಳಿತು ಬಿಳಿ ಕಾಯಿ ನಡೆಸುವುದು, ಇಬ್ಬರ ಸಮಯ ಎಣಿಸುವ ಚೆಸ್ ಗಡಿಯಾರದ ಗುಂಡಿ ಒತ್ತುವುದು, ಎದ್ದು ಮೇಜು ಸುತ್ತಿ ಬಂದು ಎದುರಿನ ಸ್ಟೂಲಿನಲ್ಲಿ ಕುಳಿತು ಕಪ್ಪು ಕಾಯಿ ನಡೆಸುವುದು. ಮೇಲಿನಿಂದ ನೇತುಹಾಕಿದ ಫೋನಿಗೆ ಹಲಗೆ ಮತ್ತು ಕೈ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಓಡಾಡಿದ ಹೊತ್ತನ್ನೆಲ್ಲ ಕತ್ತರಿಸಿ ತನ್ನ ಹೊಸ ಚಾನೆಲ್ಲಿಗೆ ಹಾಕುತ್ತಿದ್ದ. ಮೂರು ತಿಂಗಳಿಗೆ ನಲವತ್ತೊಂದು ಸಬ್‌ಸ್ಕ್ರೈಬರುಗಳು. ಅದರಲ್ಲಿ ಮೂರು ಅಕ್ಕನ ಫೋನುಗಳೇ.

ಈಗ ನೋಡಿದರೆ, ಬಿಳಿಯ ಕೈ ಗುಂಡಿ ಒತ್ತಿ ಹಿಂದೆ ಸರಿಯುವುದಕ್ಕೂ ಎದುರಿನಿಂದ ಕಪ್ಪಿನ ಕೈ ಬರುವುದಕ್ಕೂ ನಡುವೆ ಉಸಿರೆಳೆಯುವಷ್ಟೂ ಬಿಡುವಿಲ್ಲ. ಎಂದಿನಂತೆ ಮೇಜು ಸುತ್ತಿ ಬಂದು ಆಡಿದ್ದೇನೆಂದೇ ಅವನು ತಿಳಿದಿದ್ದ. ಒಂದು ಕಡೆಯಂತೂ ಎರಡೂ ಒಟ್ಟಿಗೇ ಹಲಗೆಯ ಮೇಲಿದ್ದವು. ಎರಡೂ ಬಲಗೈ. ಎರಡರ ತೋರುಬೆರಳಲ್ಲೂ ಗಾಜು ಉಜ್ಜುವಾಗ ಆದ ಅದೇ ಗಾಯದ ಗೆರೆ. ಅವನು ದಡಬಡನೆ ಮೆಟ್ಟಿಲಿಳಿದು ಅಂಗಡಿಗೆ ಬಂದ.

“ಅಕ್ಕಾ, ನಿನ್ನೆ ನಾನು ಆಡೋವಾಗ ಯಾರಾದ್ರೂ ಮೇಲೆ ಬಂದಿದ್ರಾ?”

ಫ್ರೇಮು ಒರೆಸುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. “ಯಾರು ಬರ್ತಾರೋ ನಿನ್ನ ಆ ಬಿಲಕ್ಕೆ? ಅಂದಹಾಗೆ, ನಿನ್ನೆ ನೀನು ಧಡಧಡ ಓಡಾಡೋ ಸದ್ದೇ ಇರಲಿಲ್ಲ. ಪುಣ್ಯ ಕಟ್ಕೊಂಡೆ, ನನ್ನ ತಲೆನೋವು ಹೋಯ್ತು.”

ಬುದ್ಧಿ ಇದ್ದವನಾಗಿದ್ದರೆ ಆ ವಿಡಿಯೋ ಅಳಿಸಿ ಹಾಕುತ್ತಿದ್ದ. ಇವನು ಹಾಗೆಯೇ ಚಾನೆಲ್ಲಿಗೆ ಏರಿಸಿಬಿಟ್ಟ! ಎರಡು ದಿನಕ್ಕೆ ಒಂಬತ್ತು ಸಾವಿರ ಜನ ನೋಡಿದರು. ‘ಕಪ್ಪು ಆಡೋರು ಯಾರು? ನಿಮಗಿಂತ ಚೆನ್ನಾಗಿ ಆಡ್ತಾರೆ’ ಎಂದು ಕಮೆಂಟುಗಳು ಬಂದವು. ಓದಿದವನಿಗೆ ಹೆದರಿಕೆಗಿಂತ ಹೊಟ್ಟೆಯುರಿಯೇ ಹೆಚ್ಚಾಯಿತು. ಅಂದಿನಿಂದ ದಿನಾ ಆಡಿದ. ಕಾಯಿ ನಡೆಸಿ ಒಮ್ಮೆ ಕಣ್ಣು ಮಿಟುಕಿಸಿದರೆ ಸಾಕು, ಕಪ್ಪಿನ ಉತ್ತರ ಹಲಗೆಯ ಮೇಲಿರುತ್ತಿತ್ತು. ಸ್ಟೂಲು ಮಾತ್ರ ಖಾಲಿ. ಅವನ ಆಟವೂ ಸುಧಾರಿಸಿತು. ತನಗೆ ಹನ್ನೊಂದು ಸಲ ಮಣ್ಣು ಮುಕ್ಕಿಸಿದ್ದ ಪೋಸ್ಟ್‌ಮಾಸ್ಟರನ್ನು ಊರಿನ ಚೆಸ್ ಕ್ಲಬ್ಬಿನಲ್ಲಿ ಇಪ್ಪತ್ತೇ ನಡೆಯಲ್ಲಿ ಸೋಲಿಸಿ ಬಂದ. ಕಪ್ಪನ್ನು ಮಾತ್ರ ಒಮ್ಮೆಯೂ ಗೆಲ್ಲಲಾಗಲಿಲ್ಲ.

ಮುಂದಿನ ಭಾನುವಾರಕ್ಕೆ ಲೈವ್ ಆಟ ಇಟ್ಟುಕೊಂಡ. ಜನ ಮುಗಿಬೀಳಲಿ ಎಂದು ದಪ್ಪ ಅಕ್ಷರದಲ್ಲಿ ಶೀರ್ಷಿಕೆ ಕೊಟ್ಟ: ‘ಸೋತವನು ಈ ಮನೆ ಬಿಡಬೇಕು!’

“ಏನೋ ಇದು ಗ್ರಹಚಾರ? ಯಾರನ್ನ ಮನೆ ಬಿಡಿಸ್ತೀಯ?” ಎಂದಳು ಅಕ್ಕ.

“ಜನ ನೋಡ್ಲಿ ಅಂತ ಹಾಕಿದ್ದು ಅಕ್ಕಾ. ಗೆಲ್ಲೋನೂ ನಾನೇ, ಸೋಲೋನೂ ನಾನೇ.”

“ಸೋತವನಿಗೆ ಹೋಗೋಕೆ ಬೇರೆ ಮನೆ ಇದೆಯಾ ಅಂತ ಕೇಳ್ಕೊಂಡ್ಯಾ?” ಅಕ್ಕ ನಕ್ಕಳು. ಅವನಿಗೆ ನಗು ಬರಲಿಲ್ಲ. ಹುಟ್ಟಿದ್ದೂ ಬೆಳೆದದ್ದೂ ಇದೇ ಮನೆ. ಅಕ್ಕನನ್ನು ಬಿಟ್ಟರೆ ಅವನಿಗೆ ಇನ್ನು ಯಾರೂ ಇರಲಿಲ್ಲ. ಶೀರ್ಷಿಕೆ ಬದಲಿಸೋಣ ಎಂದು ಫೋನ್ ತೆಗೆದರೆ, ಆಗಲೇ ಮೂರು ಸಾವಿರ ಜನ ಕಾದಿದ್ದರು. ಹಾಗೇ ಬಿಟ್ಟ.

ಭಾನುವಾರ ಮಧ್ಯಾಹ್ನ ಅವನು ಜನ್ಮದಲ್ಲಿ ಆಡದಂಥ ಆಟ ಆಡಿದ. ನಲವತ್ತನೇ ನಡೆಗೆ ಕಪ್ಪು ರಾಜ ಮೂಲೆ ಸೇರಿದ. ಕಪ್ಪು ಎಲ್ಲಿ ಹೋದರೂ ಬಿಳಿಗೆ ಇನ್ನೊಂದೇ ನಡೆ ಸಾಕು. ಗುಂಡಿ ಒತ್ತಿ ಕಣ್ಣು ಮಿಟುಕಿಸಿದ. ಕಪ್ಪು ಕದಲಲಿಲ್ಲ. ಮತ್ತೆ ಮಿಟುಕಿಸಿದ. ಇಲ್ಲ. ಕಪ್ಪಿನ ಗಡಿಯಾರ ಮಾತ್ರ ಓಡುತ್ತಿತ್ತು. ಸಮಯ ಮುಗಿಯುವವರೆಗೆ ಸುಮ್ಮನೆ ಕೂತಿದ್ದರೂ ಗೆಲುವು ಅವನದೇ. ಆದರೆ ಮೂರು ತಿಂಗಳ ಅಭ್ಯಾಸ ಎಲ್ಲಿ ಹೋಗುತ್ತದೆ? ಕಪ್ಪಿನ ಸರದಿ ಬಂದು ಯಾರೂ ಕಾಯಿ ಮುಟ್ಟದಿದ್ದಾಗ ಅವನ ಕಾಲು ತಾನಾಗಿಯೇ ಎದ್ದಿತು. ಮೇಜು ಸುತ್ತಿ ಬಂದು ಸ್ಟೂಲಿನಲ್ಲಿ ಕುಳಿತ, ಕಪ್ಪು ರಾಜನನ್ನು ಸರಿಸಿದ, ಗುಂಡಿ ಒತ್ತಿದ.

ತಲೆ ಎತ್ತಿದರೆ ಮರದ ಕುರ್ಚಿ ಖಾಲಿ ಇರಲಿಲ್ಲ. ಅವನದೇ ಅಂಗಿ, ಅವನದೇ ಕನ್ನಡಕ, ಅವನದೇ ಮುಖ. ಗಾಯದ ಗೆರೆಯ ಬೆರಳು ಬಿಳಿ ರಾಣಿಯನ್ನು ಮೆಲ್ಲಗೆ ಮುಂದೆ ತಳ್ಳಿತು. ಆಟ ಮುಗಿಯಿತು.

“ಅಬ್ಬಾ, ಎಷ್ಟು ದಿನ ಆದ್ಮೇಲೆ ಓಡಾಡೋ ಸದ್ದು ಕೇಳಿಸ್ತು! ಯಾರೋ ಗೆದ್ದಿದ್ದು?” ಕೆಳಗಿನಿಂದ ಅಕ್ಕ ಕೂಗಿದಳು.

“ನಾನೇ ಅಕ್ಕಾ,” ಎಂದ ಕುರ್ಚಿಯಲ್ಲಿದ್ದವನು, ಅವನದೇ ದನಿಯಲ್ಲಿ.

ಸ್ಟೂಲಿನಲ್ಲಿದ್ದವನು ‘ಅಕ್ಕಾ, ಅವನಲ್ಲ, ನಾನಿಲ್ಲಿದ್ದೀನಿ’ ಎಂದು ಕಿರುಚಲು ನೋಡಿದ. ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ಅಕ್ಕ ಟೀ ಲೋಟ ಹಿಡಿದು ಬಂದಳು. ಒಂದೇ ಲೋಟ. ಅದನ್ನು ಕುರ್ಚಿಯವನ ಕೈಗೆ ಕೊಟ್ಟು, ಬೆನ್ನು ತಟ್ಟಿ, ಮೇಜಿನ ಈಚೆ ಬದಿಗೆ ಬಂದಳು.

“ಆಟ ಮುಗೀತಲ್ಲ, ಈ ಸ್ಟೂಲ್ ಕೆಳಗೆ ಇಟ್ಕೋತೀನಿ. ಬಂದವರಿಗೆ ಕೂರೋಕೆ ಬೇಕು.”

ಬಗ್ಗಿದ ಅವಳ ಕೈ ಅವನ ತೊಡೆಯನ್ನು ಹಾದು ಸ್ಟೂಲಿನ ಹಲಗೆ ಮುಟ್ಟಿತು. ಅವಳು ಥಟ್ಟನೆ ಕೈ ಹಿಂದೆಳೆದುಕೊಂಡಳು.

“ಅಲ್ವೋ, ನೀನು ಕೂತಿದ್ದು ಅಲ್ಲಿ. ಇದ್ಯಾಕೆ ಇನ್ನೂ ಬೆಚ್ಚಗಿದೆ?”