ಗುಲಾಬಿ ನೀರಿಗೆ ಕಪ್ಪೆಯ ಸಾಕ್ಷಿ

ಹೆಲ್ತ್ ಇನ್ಸ್‌ಪೆಕ್ಟರ್ ಪರಮಶಿವಯ್ಯನವರು ಮೂರನೆಯ ಲೋಟವನ್ನೂ ಗಟಗಟನೆ ಕುಡಿದು, ಬರಿದಾದ ಲೋಟವನ್ನು ಎಲ್ಲರಿಗೂ ಕಾಣುವಂತೆ ಬೋರಲು ಹಾಕಿ ತೋರಿಸಿದರು. ಚನ್ನರಾಯಪಟ್ಟಣದ ಬಸದಿ ಬೀದಿಯ ಮುನಿಸಿಪಾಲಿಟಿ ಬಾವಿಯ ಸುತ್ತ ಕೊಡ ಹಿಡಿದು ನಿಂತಿದ್ದ ಜನ ನೋಡಿದರು. ಅಷ್ಟೇ, ನೋಡಿದರು. ಒಬ್ಬರ ಹಗ್ಗವೂ ಬಾವಿಗೆ ಇಳಿಯಲಿಲ್ಲ.

"ಸಂಬಳ ತಗಂಡು ಕುಡಿಯೋರು ಕುಡೀತಾರೆ, ನಮಗೇನ್ ಬಂದೈತೆ?" ಎಂದಳು ರೇವಮ್ಮ. ಹೇಳಿದ್ದು ಪಕ್ಕದವಳಿಗೆ, ಕೇಳಿಸಿದ್ದು ಇಡೀ ಬೀದಿಗೆ.

ಮಳೆಗಾಲದಲ್ಲಿ ಬಚ್ಚಲ ಮೋರಿ ಒಡೆದು ಕೊಳಚೆಯೆಲ್ಲ ಬಾವಿಗೆ ಸೇರಿ, ಅರ್ಧ ಬೀದಿ ವಾಂತಿಭೇದಿಯಿಂದ ಮಲಗಿತ್ತು. ಪಾಪ, ಪರಮಶಿವಯ್ಯನವರು ಟೊಂಕ ಕಟ್ಟಿ ನಿಂತು ಮೋರಿ ಕಟ್ಟಿಸಿದರು, ಬಾವಿ ಬರಿದು ಮಾಡಿಸಿದರು, ಹೂಳೆತ್ತಿಸಿದರು, ಒಳಗೋಡೆಗೆ ಸುಣ್ಣ ಬಳಿಸಿದರು. ಹೊಸ ನೀರು ಬಂದ ಮೇಲೆ ಔಷಧಿಯನ್ನೂ ಹಾಕಿದರು. ಅಲ್ಲಿಗೆ ಕೆಲಸ ಕೆಟ್ಟಿತು. ಔಷಧಿ ಬಿದ್ದ ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಈಗ ಬಣ್ಣ ಇಳಿದು ಕಂಡೂ ಕಾಣದಂತಿದ್ದರೂ, ಜನ ಕೆರೆಗೆ ಹೋಗಿ ಎಮ್ಮೆ ಮೈ ತೊಳೆದ ನೀರನ್ನು ಸಂತೋಷವಾಗಿ ಹೊತ್ತು ತರುತ್ತಿದ್ದರು. ಹೀಗೇ ಆದರೆ ವಾಂತಿಭೇದಿ ಮತ್ತೆ ಬರುವುದು ಖಂಡಿತ. ಸಾಲದ್ದಕ್ಕೆ ಅವತ್ತು ಹಾಸನದ ದೊಡ್ಡ ಡಾಕ್ಟರು ಬರುವವರಿದ್ದರು. ಯಾರೂ ಕುಡಿಯದ ಬಾವಿ ಯಾಕ್ರೀ, ಮುಚ್ಚಿಸಿ, ಎಂದು ಹೋದ ಸಲವೇ ಗದರಿದ್ದರು.

ಅಷ್ಟರಲ್ಲಿ ಗುಂಪು ಸರಿದು ದಾರಿ ಬಿಟ್ಟಿತು. ಬಟ್ಟೆ ಮುಚ್ಚಿದ ತಾಮ್ರದ ತಪ್ಪಲೆ ಹಿಡಿದು ಚಕ್ರೇಶ್ವರಮ್ಮನವರು ಬಂದರು. ಪರಮಶಿವಯ್ಯನವರು ಒಂದು ಹೆಜ್ಜೆ ಹಿಂದೆ ಸರಿದರು. ತಪ್ಪಲೆಯಲ್ಲಿ ಏನಿದೆ ಎಂಬುದು ಅವರಿಗೆ ಗೊತ್ತಿತ್ತು.

"ಇನಿಸ್ಪೆಟ್ರೇ, ಕುಡಿಸೋದು ಆಮೇಲೆ. ಮೊದಲು ಇದನ್ನ ಇದರ ಮನೆಗೆ ಸೇರಿಸಿ."

ಚಕ್ರೇಶ್ವರಮ್ಮನವರದು ಆ ಬೀದಿಯ ಹಳೆಯ ಜೈನ ಮನೆತನ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿದರೆ ಮುಗಿಯಲಿಲ್ಲ. ಆ ಬಟ್ಟೆಯನ್ನು ತಿರುವಿ, ಅದರಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನೂ ಎಲ್ಲಿಂದ ಬಂದವೋ ಅದೇ ಬಾವಿಗೆ ಮರಳಿಸಬೇಕು. ಬಾವಿ ಬರಿದು ಮಾಡುವ ದಿನ ಆಕೆ ಕಟ್ಟೆಗೆ ಅಡ್ಡ ನಿಂತಿದ್ದರು. ಒಳಗೆ ಸಿಕ್ಕ ಜೀವವನ್ನು ಮತ್ತೆ ಒಳಗೇ ಬಿಡುತ್ತೇನೆ ಎಂದು ಪರಮಶಿವಯ್ಯನವರು ಮಾತು ಕೊಟ್ಟಮೇಲೇ ಸರಿದದ್ದು. ಔಷಧಿ ಹಾಕಿದರೆ ಕ್ರಿಮಿಗಳು ತಾವಾಗಿಯೇ ಬೇರೆ ಕಡೆ ಹೊರಟುಹೋಗುತ್ತವೆ ಎಂಬ ಸುಳ್ಳನ್ನೂ ಅದರ ಜೊತೆಗೇ ಹೇಳಿದ್ದರು. ಸಿಕ್ಕಿದ್ದು ಒಂದೇ ಒಂದು ಮುದಿ ಕಪ್ಪೆ. ಅಂದಿನಿಂದ ಅದು ಅಮ್ಮನವರ ಹಿತ್ತಲ ಕಲ್ಲುಬಾನಿಯಲ್ಲಿ ಮನೆಗೆ ಬಂದ ಅಳಿಯನ ಹಾಗೆ ಸುಖವಾಗಿತ್ತು.

"ಅಮ್ಮ, ಕಪ್ಪೆ ಇರೋ ಬಾವೀನ ಡಾಕ್ಟರು ಒಪ್ತಾರೆಯೇ? ನನ್ನ ಕೆಲಸ ಹೋಗುತ್ತೆ."

"ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ. ಕೆರೆಗೆ ಬಿಡೋಣ. ಅಲ್ಲಿ ಅದಕ್ಕೆ ನೆಂಟರಿಷ್ಟರೂ ಇರ್ತಾರೆ."

"ಅದು ಈ ನೀರಿನ ಜೀವ. ಬೇರೆ ನೀರಿಗೆ ಬಿಟ್ರೆ ಕೊಂದ ಪಾಪ ನಿಮಗೇ."

ಆಗ ಹೂಳೆತ್ತಿದ್ದ ನಂಜಯ್ಯ ಬಾಯಿ ಹಾಕಿದ. "ಬುಟ್ಬುಡಿ ಸಾ. ಕಪ್ಪೆ ಬದುಕುದ್ರೆ ನಾವೂ ಬದುಕ್ತೀವಿ. ಸತ್ರೆ ನೀರಿನ್ ಅಣೇಬರ ಗೊತ್ತಾಯ್ತದೆ."

"ಅಂಗೇ ಆಗ್ಲಿ," ಎಂದಳು ರೇವಮ್ಮ. ಬೀದಿಯೆಲ್ಲ ಹೌದು ಹೌದು ಎಂದಿತು. ಇನ್ಸ್‌ಪೆಕ್ಟರು ಇಷ್ಟು ದಿನ ಗಂಟಲು ಹರಿದುಕೊಂಡು ಹೇಳಿದ್ದಕ್ಕೆ ಕಿವಿಗೊಡದ ಜನ, ಕಪ್ಪೆಯ ಮಾತು ಬಂದ ಕೂಡಲೇ ಬಾವಿಕಟ್ಟೆಗೆ ಮುಗಿಬಿದ್ದರು. ಪರಮಶಿವಯ್ಯನವರಿಗೆ ಅಳು ಬರುವಂತಾಯಿತು. ತಲೆಯಾಡಿಸಿದರು.

ಕಪ್ಪೆಯನ್ನು ಬಕೆಟ್ಟಿನಲ್ಲಿ ಕೂರಿಸಿ, ಎಲ್ಲಿ ಪೆಟ್ಟಾದೀತೋ ಎಂದು ಮೆಲ್ಲಗೆ ಇಳಿಬಿಟ್ಟರು. ಬಕೆಟ್ಟು ವಾಲಿತು. ಕಪ್ಪೆ ಬುಳಕ್ಕನೆ ಮುಳುಗಿತು. ಮತ್ತೆ ಮೇಲೆ ಬರಲಿಲ್ಲ.

ರೇವಮ್ಮ ಇನ್ಸ್‌ಪೆಕ್ಟರ ಮುಖವನ್ನು ಅರ್ಥಗರ್ಭಿತವಾಗಿ ನೋಡಿದಳು. ಬಾವಿಯೊಳಗೆ ಒಂದು ಹುಳುವೂ ಇರಬಾರದೆಂದು ಹಗಲಿರುಳು ಒದ್ದಾಡಿದ್ದ ಮನುಷ್ಯ ಈಗ ಕಟ್ಟೆಯ ಮೇಲೆ ಹೊಟ್ಟೆಯೂರಿ ಬಗ್ಗಿ, ಅಪ್ಪಾ ನಂಜುಂಡೇಶ್ವರ, ಆ ಕಪ್ಪೆಯನ್ನು ಕಾಪಾಡು ತಂದೆ, ಮುಡಿ ಕೊಡುತ್ತೇನೆ ಎಂದು ಹರಕೆ ಹೊತ್ತರು. ತಲೆಯಲ್ಲಿ ಕೊಡುವಷ್ಟು ಕೂದಲಿಲ್ಲ ಎಂಬುದು ಆ ಗಾಬರಿಯಲ್ಲಿ ನೆನಪಿಗೆ ಬರಲಿಲ್ಲ.

"ವಟರ್," ಎಂದಿತು ಬಾವಿ.

ಅಬ್ಬಾ, ಆಮೇಲೆ ಹಗ್ಗಗಳು ಒಂದಕ್ಕೊಂದು ಸುತ್ತಿಕೊಳ್ಳುವಷ್ಟು ಕೊಡಗಳು ಇಳಿದವು. ಚಕ್ರೇಶ್ವರಮ್ಮನವರು ಮೊದಲ ಕೊಡವನ್ನು ಸೋಸಿ ಕುಡಿದು, ಬಟ್ಟೆಯನ್ನು ತಿರುವಿ, ಉಳಿದದ್ದನ್ನು ಬಾವಿಗೆ ಮರಳಿಸಿದರು. ಪರಮಶಿವಯ್ಯನವರು ಅದನ್ನು ಕಂಡೂ ಕಾಣದವರಂತೆ ಆಕಾಶ ನೋಡಿದರು.

ಕೊನೆಯ ಕೊಡ ತುಂಬುವ ಹೊತ್ತಿಗೆ ದೊಡ್ಡ ಡಾಕ್ಟರು ಬಂದರು. ಇದ್ದಿಲು ಉರಿಸಿ ಓಡುವ ಬಸ್ಸಿನ ಮಸಿ ಇನ್ನೂ ಮುಖದ ಮೇಲಿತ್ತು. ಜನ ನೀರು ಸೇದುವುದನ್ನು ಕಂಡು ಹುಬ್ಬೇರಿಸಿದರು. ಸೀಸೆಯಲ್ಲಿ ನೀರು ಹಿಡಿದು, ಬೆಳಕಿಗೆ ಎತ್ತಿ ನೋಡಿ, "ಭೇಷ್," ಎಂದರು. ಕೂಡಲೇ ಬಾವಿಯೊಳಗಿಂದ ಉತ್ತರ ಬಂತು.

"ಏನ್ರೀ ಇದು, ಕಪ್ಪೆ? ಈಗಲೇ ತೆಗೆಸಿ ಅದನ್ನ."

ಪರಮಶಿವಯ್ಯನವರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಕೈಮುಗಿದರು. "ಬೇಕಾದ್ರೆ ನನ್ನನ್ನ ಮನೆಗೆ ಕಳಿಸಿ ಸಾರ್, ಅದು ಇಲ್ಲೇ ಇರಲಿ. ಈ ಬೀದಿಯವರು ನಂಬೋದು ಅದರ ಮಾತನ್ನೇ."