ಸಪ್ತಾಪುರದ ಕರಡಿ

"ಖರೇ ಹೇಳು, ಈ ಕರಡಿನ್ನ ಎಲ್ಲಿ ನೋಡ್ದಿ?"

ಬಸವಪ್ರಭು ಹಿತ್ತಲಿನ ಖೋಲಿಯ ಬಾಗಿಲಿಗೆ ಅಡ್ಡ ನಿಂತಿದ್ದರು. ಸೋಮವಾರದೊಳಗೆ ಖಾಲಿ ಮಾಡೆಂದು ಗದರಿಸಲು ಬಂದ ಮನೆ ಮಾಲಕರು, ಹಗ್ಗಕ್ಕೆ ಒಣಹಾಕಿದ್ದ ಚಿತ್ರ ಕಂಡು ಬಂದ ಕೆಲಸವನ್ನೇ ಮರೆತಿದ್ದರು. ಅವರ ಎಡಹುಬ್ಬು ಸೀಳಿದ ಹಳೆಯ ಗಾಯದ ಗೆರೆ ಮೇಲೇರಿತ್ತು.

ಖೋಲಿಯಲ್ಲಿ ಬಾಡಿಗೆಗಿದ್ದ ಅರಫಾತ ಹಲ್ಲು ಕಚ್ಚಿದ. ಮಸಿ ನಾರುತ್ತದಂತೆ! ಯಂತ್ರ ಕಿರುಗುಟ್ಟಿ ಹತ್ತಿ ವ್ಯಾಪಾರಿ ಮಾಲಕರ ಮಧ್ಯಾಹ್ನದ ನಿದ್ದೆ ಕೆಡುತ್ತದಂತೆ! ನಾಲ್ಕಾಳು ಹೊರಬೇಕಾದ ಆ ಕಬ್ಬಿಣದ ಅಚ್ಚುಯಂತ್ರಕ್ಕೆ ಊರಲ್ಲಿ ಬೇರೆ ಯಾರೂ ಖೋಲಿ ಕೊಡುತ್ತಿರಲಿಲ್ಲ. ಅದಿಲ್ಲದೆ ಅವನು ಹಲಗೆಯಲ್ಲಿ ಕೆತ್ತುವ ನರಿ, ನವಿಲು, ಮುಂಗುಸಿ ಯಾವುದೂ ಕಾಗದಕ್ಕೆ ಇಳಿಯುವಂತಿರಲಿಲ್ಲ. ಕಣ್ಣಾರೆ ಕಾಣದ್ದನ್ನು ಕೆತ್ತುವ ಜಾಯಮಾನವೂ ಅವನದಲ್ಲ.

"ಇಲ್ಲೇ ಸಪ್ತಾಪುರದಾಗ ನೋಡೇನ್ರಿ, ಮಾಲಕರ. ಊಟ ಆದ ಮ್ಯಾಲ ಮಲಗಿತ್ತು."

ಚಿತ್ರದಲ್ಲಿ ಕರಡಿ ಅಂಗಾತ ಬಿದ್ದುಕೊಂಡಿತ್ತು. ಬಾಯಿ ಅರೆ ತೆರೆದಿತ್ತು. ಒಂದು ಪಂಜ ಹೊಟ್ಟೆಯ ಮೇಲೆ. ಬಲಗಣ್ಣಿನ ಮೇಲೊಂದು ಗಾಯದ ಗೆರೆ.

"ಕಡೀಲಿಲ್ಲಾ?"

"ಬರೇ ಒದರತೈತ್ರಿ. ಕಡಿಯೂದಿಲ್ಲ."

ಮಾಲಕರ ಹಿಂದೆ ನಿಂತಿದ್ದ ಅವರ ಹೆಂಡತಿ ಗೌರಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಗೊರಕಿ ಕೇಳಿಸಿದಂಗ ಆಗತೈತಿ, ನೋಡ್ರಿ."

ಅರಫಾತನಿಗೆ ಅಳುಕಿರಲಿಲ್ಲ. ಹಲಗೆಯಲ್ಲಿ ಎಡಕ್ಕೆ ಕೆತ್ತಿದ್ದು ಕಾಗದದಲ್ಲಿ ಬಲಕ್ಕೆ ಬೀಳುತ್ತದೆ. ಅದಕ್ಕೇ ಅವನು ಪ್ರತಿ ಸಲ ಚಿತ್ರವನ್ನು ತಿರುವಿ ಹಾಕಿಕೊಂಡು ಕೆತ್ತುತ್ತಿದ್ದ. ಈ ಸಲ ಮಾತ್ರ ಬೇಕಂತಲೇ ಕಂಡಂತೆಯೇ ಕೆತ್ತಿದ್ದ. ಎಡಬಲ ಅದಲುಬದಲಾದ ಕರಡಿಯ ಗುರುತು ಯಾರಿಗೆ ಹತ್ತೀತು? ಬೆಳಿಗ್ಗೆಯಿಂದ ಓಣಿಯ ಮಂದಿಯೆಲ್ಲ ನೋಡಿ ಹೋಗಿದ್ದರು. ಒಬ್ಬರಿಗೂ ಹತ್ತಿರಲಿಲ್ಲ.

ಬಸವಪ್ರಭು ಕಾಗದಕ್ಕೆ ಮೂಗು ತಾಗುವಷ್ಟು ಬಗ್ಗಿದರು.

"ಸೋಮವಾರ ಖಾಲಿ ಮಾಡಬ್ಯಾಡ."

"ಯಾಕ್ರಿ?"

"ಹೊಟ್ಟಿ ಸಣ್ಣ ಮಾಡಿ ಇನ್ನೊಂದು ಕೆತ್ತು. ಅದು ನನಗ ಪಸಂದ ಬರೂತನಕ ಇಲ್ಲೇ ಬಿದ್ದಿರು."

"ಕರಡಿ ಹೊಟ್ಟಿ ಅಷ್ಟು ಇದ್ದs ಇರತೈತ್ರಿ!"

ಬಸವಪ್ರಭು ಎಡಹುಬ್ಬು ಸವರಿಕೊಂಡರು. "ಮಂದಿಗೆ ಗುರ್ತ ಹತ್ತಲಿಕ್ಕಿಲ್ಲಲೇ. ನಾ ದಿನಾ ಮುಂಜಾನೆ ದಾಡಿ ಮಾಡ್ಕೋತ ಕನ್ನಡ್ಯಾಗ ಇದs ಕರಡಿನ್ನ ನೋಡತೇನಿ."